ಗಾಯಾಳುಗಳ ಲೆಕ್ಕವೊಂದೇ ಸಾಲದು

2024ರ ಅಕ್ಟೋಬರ್ 28ರ ನಡುರಾತ್ರಿ ನೀಲೇಶ್ವರದ ವೀರರ್‌ಕಾವಿನಲ್ಲಿ ತೆಯ್ಯಂ ನೋಡಲು ಸೇರಿದ್ದ ಜನರ ಪಕ್ಕದಲ್ಲೇ ಸುಡುಮದ್ದಿನ ದಾಸ್ತಾನಿಗೆ ಕಿಡಿ ಬಿತ್ತು. 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕಾಸರಗೋಡು ಜಿಲ್ಲೆಯ ಆಸ್ಪತ್ರೆಗಳಲ್ಲದೆ ಕಣ್ಣೂರು, ಕೋಝಿಕ್ಕೋಡು, ಮಂಗಳೂರಿಗೂ ಅವರನ್ನು ಹಂಚಿ ಸಾಗಿಸಲಾಯಿತು. ಆ ರಾತ್ರಿ ಒಬ್ಬರೂ ಸತ್ತಿರಲಿಲ್ಲ. ಆಮೇಲಿನ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲೇ ಒಬ್ಬೊಬ್ಬರಾಗಿ ಆರು ಮಂದಿ ಕಣ್ಮುಚ್ಚಿದರು.

ಸುಡುಮದ್ದಿನ ವಿಷಯದಲ್ಲಿ ತಪ್ಪು ಯಾರದ್ದು ಎಂದು ನೋಡಲು ಪೊಲೀಸರಿದ್ದಾರೆ, ನ್ಯಾಯಾಲಯವಿದೆ. ಆದರೆ ಕೇಳಬೇಕಾದ ಬೇರೆ ಪ್ರಶ್ನೆಗಳೂ ಇವೆ. ಮೊದಲ ಆಂಬುಲೆನ್ಸ್ ಎಷ್ಟು ಹೊತ್ತಿಗೆ ತಲುಪಿತು? ಯಾರನ್ನು ಮೊದಲು ಸಾಗಿಸಬೇಕೆಂದು ಸ್ಥಳದಲ್ಲಿ ನಿರ್ಧರಿಸಿದವರು ಯಾರು? ಆಟೋ, ಜೀಪುಗಳಲ್ಲಿ ಹೋದವರೆಷ್ಟು? ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸುವಾಗ ಕಳೆದ ಹೊತ್ತೆಷ್ಟು? ಸುಟ್ಟಗಾಯದವರಿಗೆ ಮೊದಲ ಗಂಟೆಗಳ ಆರೈಕೆಯೇ ಜೀವಾಳ. ಈ ಲೆಕ್ಕ ಬರೆದಿಡದಿದ್ದರೆ ಮುಂದಿನ ಸಲ ಏನು ಸರಿಪಡಿಸಬೇಕೆಂದು ಯಾರಿಗೆ ಗೊತ್ತಾಗುತ್ತದೆ?

ಇದಕ್ಕೆ ದಾರಿ ಇಲ್ಲ ಎನ್ನುವಂತಿಲ್ಲ. ಹೃದಯ ಸ್ತಂಭನದ ದಾಖಲೆಗಳನ್ನು ಎಲ್ಲ ಕಡೆ ಒಂದೇ ರೀತಿ ಬರೆಯಬೇಕೆಂದು 1990ರಲ್ಲಿ ನಾರ್ವೆಯ ಉಟ್‌ಸ್ಟೈನ್ ಮಠದಲ್ಲಿ ಸೇರಿದ ತಜ್ಞರು ಯೋಚಿಸಿದರು. ಅದೇ ಜಾಡಿನಲ್ಲಿ 2014ರಲ್ಲಿ ದೊಡ್ಡ ಅವಘಡಗಳ ವೈದ್ಯಕೀಯ ನೆರವಿನ ವರದಿಗೂ ಒಂದು ನಮೂನೆ ಪ್ರಕಟವಾಯಿತು. ಅವಘಡಕ್ಕೆ ಮೊದಲಿನ ಪರಿಸ್ಥಿತಿ, ತುರ್ತು ಸೇವೆಯ ಬಲಾಬಲ, ಅವಘಡದ ಸ್ವರೂಪ, ನೆರವು ನಡೆದ ಕ್ರಮ, ಗಾಯಾಳುಗಳ ವಿವರ, ಕಲಿತ ಪಾಠ — ಇಷ್ಟನ್ನು ಅದು ಕೇಳುತ್ತದೆ. ಯಾರನ್ನೂ ಕಟಕಟೆಗೆ ನಿಲ್ಲಿಸುವ ಉದ್ದೇಶ ಅದಕ್ಕಿಲ್ಲ. ಎಲ್ಲರೂ ಒಂದೇ ಅಳತೆಗೋಲು ಹಿಡಿದರೆ ಮಾತ್ರ ಒಂದು ಊರಿನ ಅನುಭವ ಇನ್ನೊಂದು ಊರಿಗೆ ಉಪಯೋಗಕ್ಕೆ ಬರುತ್ತದೆ, ಅಷ್ಟೆ.

ಗಡಿನಾಡಿಗೆ ಇದರ ಅಗತ್ಯ ಇನ್ನೂ ಹೆಚ್ಚು. ನಮ್ಮಲ್ಲಿ ಸ್ವಲ್ಪ ಗಂಭೀರವಾದರೆ ಸಾಕು, "ಮಂಗಳೂರಿಗೆ ಕೊಂಡು ಹೋಗಿ" ಎನ್ನುವುದೇ ವಾಡಿಕೆ. ತಲಪಾಡಿ ದಾಟಿದೊಡನೆ ರಾಜ್ಯ ಬದಲು, ಆರೋಗ್ಯ ಇಲಾಖೆ ಬದಲು, 108ರ ನಿಯಂತ್ರಣ ಕೊಠಡಿಯೂ ಬದಲು. ಒಬ್ಬನೇ ಗಾಯಾಳುವಿನ ಕತೆ ಎರಡು ರಾಜ್ಯಗಳ ಕಡತಗಳಲ್ಲಿ ಹರಿದು ಹಂಚಿಹೋಗುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದು 158 ಮಂದಿ ಸತ್ತಾಗ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ದೀಪ ಆರಿತ್ತು. ದುರಂತಕ್ಕೆ ಗಡಿ ಇಲ್ಲ ಎಂದು ಅಂದೇ ತಿಳಿದಿದೆ. ವರದಿಗೆ ಮಾತ್ರ ಗಡಿ ಯಾಕೆ?

ಕಾಸರಗೋಡು ಮತ್ತು ದಕ್ಷಿಣ ಕನ್ನಡ ಜಿಲ್ಲಾಡಳಿತಗಳು ಒಟ್ಟಿಗೆ ಕೂತು ಒಂದೇ ನಮೂನೆಯನ್ನು ಒಪ್ಪಿಕೊಳ್ಳಲಿ. ಖಾಸಗಿ ಆಸ್ಪತ್ರೆಗಳೂ ಅದನ್ನೇ ತುಂಬಲಿ. ಗಾಯಾಳುಗಳ ಹೆಸರು ಬಿಟ್ಟು ಉಳಿದ ವಿವರಗಳ ವರದಿ ಇಂತಿಷ್ಟು ತಿಂಗಳೊಳಗೆ ಮಲಯಾಳದಲ್ಲೂ ಕನ್ನಡದಲ್ಲೂ ಜನರ ಕೈಗೆ ಸಿಗಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಹೊಸ ಕಟ್ಟಡವೂ ಬೇಡ. ಬೇಕಿರುವುದು ಗಡಿಯಾರ ನೋಡಿ ಬರೆದಿಡುವ ಶಿಸ್ತು. ಪ್ರತಿ ವರ್ಷವೂ ಜಾತ್ರೆ, ಕಳಿಯಾಟ, ಬೆಡಿ ಬಂದೇ ಬರುತ್ತವೆ. ಈ ಕೆಲಸ ಅದಕ್ಕೆ ಮೊದಲೇ ಆಗಲಿ.