ಕ್ರಿಪ್ಟೋ ನಾಣ್ಯವೂ ಕೀಲಿಯ ಹೊಣೆಯೂ

2024ನೆಯ ಇಸವಿ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತೀಯ ಕ್ರಿಪ್ಟೋ ವಿನಿಮಯ ಸಂಸ್ಥೆಯ ಭಂಡಾರದಿಂದ ಸುಮಾರು 23 ಕೋಟಿ ಡಾಲರು ಬೆಲೆಯ ನಾಣ್ಯಗಳು ಕಳುವಾದುವು. ಅಂದಿನಿಂದ ಗ್ರಾಹಕರು ತಮ್ಮ ನಾಣ್ಯಗಳನ್ನು ಹಿಂಪಡೆಯುವುದು ನಿಂತುಹೋಯಿತು. ಸಿಂಗಪುರದ ಉಚ್ಚ ನ್ಯಾಯಾಲಯದ ಒಪ್ಪಿಗೆ ದೊರೆತು ಸಂಸ್ಥೆಯ ವ್ಯವಹಾರವು ಪುನಃ ಆರಂಭವಾದುದು 2025ರ ಅಕ್ಟೋಬರಿನಲ್ಲಿ. ಸಂಬಳದಲ್ಲಿ ಉಳಿಸಿದ ಹತ್ತು ಸಾವಿರವನ್ನೋ ಇಪ್ಪತ್ತು ಸಾವಿರವನ್ನೋ ಅಲ್ಲಿ ತೊಡಗಿಸಿದ್ದವನು, ಊರಿನಲ್ಲಿ ಎಂಥ ಅಡಚಣೆ ಒದಗಿದರೂ, ಹದಿನೈದು ತಿಂಗಳ ಕಾಲ ತನ್ನ ಸ್ವತ್ತನ್ನು ದೂರದಿಂದ ನೋಡುತ್ತ ಕುಳಿತಿರಬೇಕಾಯಿತು. ಹಾಗಾದರೆ ನಾಣ್ಯಗಳನ್ನು ಪರರ ವಶದಲ್ಲಿಡದೆ ‘ಹಾರ್ಡ್‌ವೇರ್ ವ್ಯಾಲೆಟ್’ ಕೊಂಡು ಸ್ವತಃ ಕಾಯ್ದುಕೊಳ್ಳುವುದು ಲೇಸಲ್ಲವೇ ಎಂಬ ಪ್ರಶ್ನೆಯು ಏಳುವುದು ಸಹಜವೇ. ಅದನ್ನು ಕೊಂಚ ನಿಧಾನವಾಗಿ ಪರಿಶೀಲಿಸುವುದು ಅವಶ್ಯ.

ಕೀಲಿಯ ಮರ್ಮ

ಕ್ರಿಪ್ಟೋ ನಾಣ್ಯವೆಂಬುದು ಪೆಟ್ಟಿಗೆಯಲ್ಲಿಡುವ ವಸ್ತುವಲ್ಲ. ಸಹಸ್ರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುವ ಒಂದು ಬಹಿರಂಗ ಲೆಕ್ಕದ ಪುಸ್ತಕದಲ್ಲಿ ಅದೊಂದು ದಾಖಲೆ. ಆ ದಾಖಲೆಯನ್ನು ಬೇರೊಬ್ಬರ ಹೆಸರಿಗೆ ವರ್ಗಾಯಿಸಲು ಒಂದು ಗುಪ್ತ ಕೀಲಿಯಿಂದ ರುಜು ಹಾಕಬೇಕು. ಕೀಲಿ ಯಾರಲ್ಲಿದೆಯೋ ನಾಣ್ಯ ಅವರ ಕೈಯಲ್ಲಿದೆ. ವಿನಿಮಯ ಸಂಸ್ಥೆಯಲ್ಲಿ ನಾಣ್ಯವಿಟ್ಟವನಿಗೆ ಇರುವುದು ಆ ಸಂಸ್ಥೆಯ ಮೇಲಣ ಬಾಕಿಯ ಹಕ್ಕು ಮಾತ್ರ.

ಹಾರ್ಡ್‌ವೇರ್ ವ್ಯಾಲೆಟ್ ಎಂಬುದು ಪೆನ್‌ಡ್ರೈವಿನಷ್ಟು ಚಿಕ್ಕ ಉಪಕರಣ. ಚೆಕ್ ದೇಶದ ಟ್ರೆಜರ್ 2014ರಲ್ಲಿ ಮಾರುಕಟ್ಟೆಗೆ ಬಂದಿತು. ಫ್ರಾನ್ಸಿನ ಲೆಡ್ಜರ್ ಮತ್ತೊಂದು ಹೆಸರಾಂತ ತಯಾರಿಕೆ. ಗುಪ್ತ ಕೀಲಿಯು ಈ ಉಪಕರಣದೊಳಗೇ ಇರುತ್ತದೆ. ಮೊಬೈಲಿನಲ್ಲಿ ಹಾಕಿಕೊಳ್ಳುವ ಜೊತೆಯ ಆ್ಯಪ್ ಶಿಲ್ಕನ್ನು ತೋರಿಸುತ್ತದೆ, ವರ್ಗಾವಣೆಯ ಕಾಗದವನ್ನು ಸಿದ್ಧಪಡಿಸುತ್ತದೆ. ರುಜು ಬೀಳುವುದು ಮಾತ್ರ ಉಪಕರಣದೊಳಗೆ. ಗುಮಾಸ್ತನು ಚೆಕ್ಕು ಬರೆದು ತರುವನು, ಧಣಿಯು ರುಜು ಹಾಕುವನು. ಇಲ್ಲಿಯ ಕ್ರಮವೂ ಅದೇ. ಆದಕಾರಣ ಮೊಬೈಲಿಗೆ ವೈರಸ್ ತಗುಲಿದರೂ ಕೀಲಿಯು ಕಳ್ಳನ ಕೈಸೇರುವುದಿಲ್ಲ. ಈ ಗುಣವನ್ನು ಯಾರೂ ಅಲ್ಲಗಳೆಯಲಾರರು.

ಓದದೆ ಹಾಕಿದ ರುಜು

ಆದರೆ ಗಮನಿಸಬೇಕಾದ ಸಂಗತಿ ಬೇರೊಂದುಂಟು. ವಜೀರ್‌ಎಕ್ಸ್ ಸಂಸ್ಥೆಯ ಹೇಳಿಕೆಯಂತೆ, ಅಲ್ಲಿ ರುಜು ಹಾಕುವವರು ಹಾರ್ಡ್‌ವೇರ್ ವ್ಯಾಲೆಟ್ಟನ್ನೇ ಬಳಸುತ್ತಿದ್ದರು. ಒಬ್ಬರ ರುಜು ಸಾಲದೆಂದು ಹಲವರ ರುಜುವಿನ ಕಟ್ಟಳೆಯೂ ಇತ್ತು. ತೆರೆಯ ಮೇಲೆ ಕಂಡ ವರ್ಗಾವಣೆಯೊಂದು, ನಿಜವಾಗಿ ರುಜುವಾದುದು ಇನ್ನೊಂದು ಎಂದು ಸಂಸ್ಥೆಯು ತಿಳಿಸಿತು. 2025ರ ಫೆಬ್ರವರಿ 21ರಂದು ಬೈಬಿಟ್ ಎಂಬ ವಿದೇಶೀ ವಿನಿಮಯ ಸಂಸ್ಥೆಯು ಸುಮಾರು 150 ಕೋಟಿ ಡಾಲರು ಕಳೆದುಕೊಂಡುದೂ ಇಂಥದೇ ಮಾರ್ಗದಲ್ಲಿ. ಅವರು ಬಳಸುತ್ತಿದ್ದ ತೆರೆಯ ಹಿಂದಣ ಬರಹವನ್ನು ಕಳ್ಳರು ತಿದ್ದಿದ್ದರು. ಕೀಲಿ ಭದ್ರವಾಗಿಯೇ ಇತ್ತು. ಧಣಿಯು ಓದದೆ ರುಜು ಹಾಕಿದನು. ಈ ಎರಡೂ ಕಳವುಗಳು ಉತ್ತರ ಕೊರಿಯದ ಕೃತ್ಯವೆಂದು ಅಮೆರಿಕದ ಸರಕಾರವು ಸಾರಿದೆ.

ಕೋಟಿಗಟ್ಟಲೆ ವ್ಯವಹರಿಸುವವರಿಗೇ ಹೀಗಾದರೆ ಸಾಮಾನ್ಯನು ಮಾಡಬೇಕಾದುದೇನು? ಆ್ಯಪ್ ತೋರಿಸುವುದನ್ನು ಬರಿಯ ಕರಡೆಂದು ತಿಳಿದು, ಉಪಕರಣದ ಸ್ವಂತ ಪರದೆಯ ಮೇಲೆ ಮೂಡುವ ಮೊತ್ತವನ್ನೂ ವಿಳಾಸವನ್ನೂ ಅಕ್ಷರಶಃ ಹೋಲಿಸಿ ನೋಡತಕ್ಕದ್ದು. ಅಲ್ಲಿ ಮೂಡಿದ್ದು ಅರ್ಥವಾಗದಿದ್ದರೆ ರುಜು ಹಾಕಲೇಕೂಡದು. ದೊಡ್ಡ ಮೊತ್ತಕ್ಕೆ ಮುನ್ನ ಅತ್ಯಲ್ಪ ಮೊತ್ತವನ್ನು ಕಳುಹಿಸಿ, ಅದು ಮುಟ್ಟಿತೆಂದು ಖಚಿತಪಡಿಸಿಕೊಳ್ಳುವುದು ವಿವೇಕ. ತಪ್ಪು ವಿಳಾಸಕ್ಕೆ ಹೋದುದನ್ನು ಹಿಂದಕ್ಕೆ ತರಿಸುವ ಮ್ಯಾನೇಜರನು ಇಲ್ಲಿ ಯಾರೂ ಇಲ್ಲ.

ಇಪ್ಪತ್ತನಾಲ್ಕು ಪದಗಳು

ಉಪಕರಣವನ್ನು ಮೊದಲು ಚಾಲನೆಗೊಳಿಸಿದಾಗ ಅದು 12 ಅಥವಾ 24 ಇಂಗ್ಲಿಷ್ ಪದಗಳನ್ನು ಕೊಡುವುದು ವಾಡಿಕೆ. ಉಪಕರಣವು ಕಳೆದರೂ ಕೆಟ್ಟರೂ ಈ ಪದಗಳಿಂದ ಹೊಸದೊಂದರಲ್ಲಿ ಸ್ವತ್ತನ್ನು ಮರಳಿ ಪಡೆಯಬಹುದು. ಇದೇ ಕಾರಣದಿಂದ, ಪದಗಳನ್ನು ಅರಿತ ಪರಕೀಯನೂ ಅದನ್ನೇ ಮಾಡಬಲ್ಲನು. ಕಳ್ಳರ ಕಣ್ಣು ಬಿದ್ದಿರುವುದು ಇವುಗಳ ಮೇಲೆಯೇ. ಲೆಡ್ಜರ್ ಕಂಪನಿಯ ಸುಮಾರು 2,70,000 ಗ್ರಾಹಕರ ಹೆಸರು, ವಿಳಾಸಗಳು 2020ರ ಡಿಸೆಂಬರಿನಲ್ಲಿ ಬಯಲಾದುವು. ಮರುವರ್ಷ ಅವರಲ್ಲಿ ಕೆಲವರಿಗೆ ಅಂಚೆಯ ಮೂಲಕ ನಕಲಿ ಉಪಕರಣಗಳೇ ಬಂದುವು. 2023ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಆ್ಯಪ್ ಅಂಗಡಿಯಲ್ಲಿಯೇ ಲೆಡ್ಜರಿನ ಆ್ಯಪನ್ನು ಹೋಲುವ ನಕಲಿಯೊಂದು ಕಾಣಿಸಿಕೊಂಡು, ನಂಬಿದವರ ಬಿಟ್‌ಕಾಯಿನ್ನುಗಳನ್ನು ದೋಚಿತು.

ಆದುದರಿಂದ ಉಪಕರಣವನ್ನು ತಯಾರಕರಿಂದಲೇ ಅಥವಾ ಅವರು ಅಧಿಕಾರವಿತ್ತ ವ್ಯಾಪಾರಿಯಿಂದಲೇ ಕೊಳ್ಳಬೇಕು. ಆ್ಯಪನ್ನು ತಯಾರಕರ ಅಧಿಕೃತ ತಾಣದ ಮೂಲಕವೇ ಪಡೆಯಬೇಕು. ಪೆಟ್ಟಿಗೆಯಲ್ಲಿ ಪದಗಳು ಮೊದಲೇ ಬರೆದು ಬಂದಿದ್ದರೆ ಅದು ಮೋಸವೆಂದು ತಿಳಿಯತಕ್ಕದ್ದು. ಪದಗಳನ್ನು ಕಾಗದದಲ್ಲಿ ಬರೆದಿಡಬೇಕು. ಫೋಟೋ ತೆಗೆಯುವುದು, ವಾಟ್ಸಾಪಿನಲ್ಲಿ ಕಳುಹಿಸುವುದು, ಫೋನಿನಲ್ಲಿ ಕೇಳಿದವರಿಗೆ ಹೇಳುವುದು ಎಂದಿಗೂ ಸಲ್ಲದು.

ಇಲ್ಲಿ ನಮ್ಮವರ ವಿಶೇಷ ತೊಡಕೊಂದಿದೆ. ಹತ್ತು ಮಂದಿ ಮಲಗುವ ಹೋಟೆಲಿನ ಕೋಣೆಯಲ್ಲಿ, ಬೀಗವಿಲ್ಲದ ಟ್ರಂಕಿನಲ್ಲಿ ಈ ಕಾಗದವನ್ನು ಇಡುವುದೆಲ್ಲಿ? ಉಪಕರಣಕ್ಕೆ ಪಿನ್ ಸಂಖ್ಯೆಯ ಕಾವಲುಂಟು. ಕಾಗದಕ್ಕೆ ಯಾವ ಕಾವಲೂ ಇಲ್ಲ. ಊರಿನ ಮನೆಯಲ್ಲಿಡುವುದಾದರೆ ಅದು ಏನೆಂಬುದು ಪತ್ನಿಗೋ ಮಕ್ಕಳಿಗೋ ತಿಳಿದಿರಬೇಕು. ಬ್ಯಾಂಕಿನ ಖಾತೆಗೆ ನಾಮಿನಿ ಉಂಟು. ಇಲ್ಲಿ ಆ ಕಾಗದವು ಕಾಣೆಯಾದರೆ ಸಂಸಾರಕ್ಕೆ ಉಳಿಯುವುದು ಏನೂ ಇಲ್ಲ. ಭದ್ರವಾದ ಸ್ಥಳವೂ ನಂಬಿಕೆಯ ಜನವೂ ಇಲ್ಲದವನು ಉಪಕರಣವನ್ನು ಕೊಂಡೂ ಪ್ರಯೋಜನವಿಲ್ಲ.

ಕಾನೂನಿನ ನೆರಳು

ರಿಸರ್ವ್ ಬ್ಯಾಂಕಿನ 2018ರ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ರದ್ದುಗೊಳಿಸಿತು. 2022ರಲ್ಲಿ ಕೇಂದ್ರ ಸರಕಾರವು ಇದರ ಲಾಭದ ಮೇಲೆ ನೂರಕ್ಕೆ 30ರ ತೆರಿಗೆಯನ್ನು ವಿಧಿಸಿತು. ನಷ್ಟವನ್ನು ಬೇರೆ ಆದಾಯದಿಂದ ಕಳೆಯಲು ಅವಕಾಶವಿತ್ತಿಲ್ಲ. ತೆರಿಗೆ ವಸೂಲಿಯನ್ನು ಸರಕಾರದ ಭರವಸೆಯೆಂದು ಭ್ರಮಿಸುವವರು ಕೆಲವರುಂಟು. ಬ್ಯಾಂಕು ಮುಳುಗಿದರೆ ಠೇವಣಿಗೆ 5 ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆಯಿದೆ. ಕ್ರಿಪ್ಟೋ ನಾಣ್ಯಕ್ಕೆ ಅಂಥದು ಯಾವುದೂ ಇಲ್ಲ.

ಸಾರಾಂಶವಿಷ್ಟು. ಹಾರ್ಡ್‌ವೇರ್ ವ್ಯಾಲೆಟ್ ಕೀಲಿಯನ್ನು ಕಾಯುವುದು; ಬೆಲೆಯ ಕುಸಿತವನ್ನಾಗಲಿ, ಒಡೆಯನ ಅಜಾಗರೂಕತೆಯನ್ನಾಗಲಿ ತಡೆಯಲಾರದು. ಈಗಾಗಲೇ ಗಣನೀಯ ಮೊತ್ತವನ್ನು ತೊಡಗಿಸಿರುವವರಿಗೆ ಅದು ಉಪಯುಕ್ತ ಸಾಧನ. ಅಲ್ಪ ಮೊತ್ತದವರಿಗೆ ಅದರ ಕ್ರಯವೇ ಹೊರೆಯಾದೀತು. ಮಗಳ ಮದುವೆಗೆಂದೋ ಊರಿನ ಸಾಲಕ್ಕೆಂದೋ ಕೂಡಿಟ್ಟ ಹಣವು ಮಾತ್ರ ಈ ದಾರಿಯನ್ನು ತುಳಿಯದಿರುವುದೇ ಕ್ಷೇಮ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲವೆಂಬುದನ್ನು ವಜೀರ್‌ಎಕ್ಸ್ ಗ್ರಾಹಕರ ಹದಿನೈದು ತಿಂಗಳು ನಮಗೆ ತಿಳಿಸಿಕೊಟ್ಟಿದೆ.