ಫಲಿತಾಂಶದ ಮರುದಿನ

ಮೈಸೂರಿನ ಜನ ‘ತಾತಯ್ಯ’ ಎಂದೇ ಕರೆದ ಎಂ. ವೆಂಕಟಕೃಷ್ಣಯ್ಯನವರು ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರೂ ಆಗಿದ್ದರು, ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಮೊದಲಾದ ಪತ್ರಿಕೆಗಳನ್ನು ನಡೆಸಿದವರೂ ಆಗಿದ್ದರು. ಆದುದರಿಂದ ಪಾಠಶಾಲೆಯ ಸುಖದುಃಖಗಳನ್ನು ಅರಿಯಲು ಅವರು ಯಾವ ಅಧಿಕಾರಿಯ ಬಾಗಿಲಲ್ಲಿಯೂ ಕಾಯಬೇಕಾಗಿರಲಿಲ್ಲ. ಇಂದಿನ ಶಿಕ್ಷಣ ವರದಿಗಾರರಿಗೆ ಆ ಭಾಗ್ಯವಿಲ್ಲ. ಪತ್ರಿಕಾಲಯಗಳಲ್ಲಿ ರಾಜಕೀಯವನ್ನು ಹಿರಿಯರಿಗೆ ವಹಿಸಿ, ಶಿಕ್ಷಣವನ್ನು ಹೊಸದಾಗಿ ಸೇರಿದವರ ಹೆಗಲಿಗೇರಿಸುವ ಪದ್ಧತಿಯನ್ನು ಯಾರು ಆರಂಭಿಸಿದರೋ ತಿಳಿಯದು. ಬಿಇಒ ಕಚೇರಿಯ ಸುತ್ತೋಲೆಯ ಒಳಮರ್ಮವೂ ಅತಿಥಿ ಶಿಕ್ಷಕರ ಗೌರವಧನದ ಗೋಳೂ ಎಸ್‌ಡಿಎಂಸಿಯ ಊರೊಳಗಿನ ರಾಜಕಾರಣವೂ ಅರ್ಥವಾಗತೊಡಗುವ ಹೊತ್ತಿಗೆ, ಆ ತರುಣನನ್ನೋ ತರುಣಿಯನ್ನೋ ವಿಧಾನಸೌಧಕ್ಕೆ ‘ಬಡ್ತಿ’ ಕೊಟ್ಟು ಕಳುಹಿಸಿರುತ್ತಾರೆ.

ಈ ಪದ್ಧತಿಯಿಂದಾಗುವ ನಷ್ಟವು ಫಲಿತಾಂಶದ ದಿನದಂದು ಸ್ಪಷ್ಟವಾಗಿ ಕಾಣುತ್ತದೆ. 2024ರ ಮೇ 9ರಂದು ಪ್ರಕಟವಾದ ಎಸ್ಸೆಸ್ಸೆಲ್ಸಿ ಫಲಿತಾಂಶವು ಶೇ 73.40, ಹಿಂದಿನ ವರ್ಷ ಅದು ಶೇ 83.89 ಆಗಿತ್ತು. ಅಂದು ಬಾಯಿಗೆ ಸಿಹಿ ತಿನ್ನಿಸಿಕೊಳ್ಳುತ್ತಿರುವ ಅಗ್ರಶ್ರೇಯಾಂಕಿತರ ಚಿತ್ರವನ್ನು ಅಚ್ಚುಹಾಕುವುದು ಸುಲಭ. ಆದರೆ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇರಿಸಿ ವೆಬ್‌ಕಾಸ್ಟಿಂಗ್ ಮಾಡಿದ ಆ ವರ್ಷವೇ ಕೃಪಾಂಕದ ಮಿತಿಯನ್ನು ಶೇ 10ರಿಂದ ಶೇ 20ಕ್ಕೆ ಏರಿಸಲಾಗಿತ್ತೆಂಬುದನ್ನೂ, ಇಷ್ಟು ಔದಾರ್ಯ ತೋರಿದ ಮೇಲೆಯೂ ಫಲಿತಾಂಶ ಹತ್ತು ಅಂಶಗಳಷ್ಟು ಕುಸಿದಿತ್ತೆಂಬುದನ್ನೂ ಒಟ್ಟಿಗಿರಿಸಿ ನೋಡಿದವರಿಗೆ, ಹಿಂದಿನ ವರ್ಷಗಳ ಹೊಳೆಯುವ ಅಂಕಿಗಳ ವಿಷಯದಲ್ಲಿಯೇ ಸಂದೇಹ ಹುಟ್ಟದಿರದು.

ಆ ವರ್ಷದ ಜಿಲ್ಲಾವಾರು ಪಟ್ಟಿಯಲ್ಲಿ ಉಡುಪಿ ಶೇ 94ರೊಡನೆ ಮೊದಲಿಗೆ, ಯಾದಗಿರಿ ಶೇ 50.59ರೊಡನೆ ಕೊನೆಗೆ. ‘ಯಾದಗಿರಿಗೆ ಕೊನೆಯ ಸ್ಥಾನ’ ಎಂದು ಬರೆಯಲು ಮೇಜು ಬಿಟ್ಟೇಳಬೇಕಾಗಿಲ್ಲ. ಆ ಸೀಮೆಯ ಶಾಲೆಯೊಂದರ ಹಾಜರಿ ಪುಸ್ತಕವನ್ನು, ತಂದೆತಾಯಿಗಳು ಗುಳೆ ಹೊರಟ ಬಳಿಕ, ಒಮ್ಮೆ ತೆರೆದು ನೋಡಬೇಕು: ಅದೇ ಹೆಸರುಗಳ ಮುಂದೆ ವಾರಗಟ್ಟಲೆ ಗೈರುಹಾಜರಿಯ ಗುರುತು; ಗಣಿತದ ಶಿಕ್ಷಕರ ಹುದ್ದೆ ಖಾಲಿ; ಇದ್ದ ಒಬ್ಬರೇ ಎರಡು ತರಗತಿಗಳನ್ನು ಕೂಡಿಸಿಕೊಂಡು ಕುಳಿತಿರುವುದು. ಮೇ ತಿಂಗಳ ಫಲಿತಾಂಶವು ಹಿಂದಿನ ಚಳಿಗಾಲದಲ್ಲಿಯೇ ಅಲ್ಲಿ ಬಹುಮಟ್ಟಿಗೆ ಬರೆದಾಗಿರುತ್ತದೆ. ಆದರೆ ಆಗ ಅಲ್ಲಿಗೆ ಹೋಗಲು ವರದಿಗಾರರಿಗೆ ‘ಸುದ್ದಿ’ಯೆಂಬ ನೆಪ ದೊರೆಯದು. ಸಚಿವರ ಪತ್ರಿಕಾಗೋಷ್ಠಿಗಾದರೋ ಪ್ರತಿವಾರವೂ ನೆಪವುಂಟು!

ಇನ್ನೊಂದು ಸಂಗತಿಯನ್ನೂ ಮುಚ್ಚಿಡಲಾಗದು. ಫಲಿತಾಂಶ ಪ್ರಕಟವಾದ ಮರುದಿನ ಪುಟತುಂಬ ಜಾಹೀರಾತು ಕೊಡುವವರು ಕೋಚಿಂಗ್ ಸಂಸ್ಥೆಗಳ ಒಡೆಯರು. ಅದೇ ಪುಟದ ಬೆನ್ನಿಗೆ ಅವರ ಶುಲ್ಕದ ವಿಚಾರವನ್ನು ಬರೆಯಲು ಹೊರಟವನಿಗೆ ಕಚೇರಿಯೊಳಗಿನಿಂದಲೇ ಎಂತಹ ಮೃದುವಾದ ಉಪದೇಶಗಳು ಬರುವುವೆಂಬುದನ್ನು ವೃತ್ತಿಬಾಂಧವರು ಬಲ್ಲರು.

ಸಂಪಾದಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಒಂದನೆಯ ತರಗತಿಗೆ ಸೇರಿದ ಮಗುವು ಎಸ್ಸೆಸ್ಸೆಲ್ಸಿ ಮುಗಿಸಲು ಹತ್ತು ವರ್ಷ ಬೇಕು; ಆ ಮಗುವನ್ನು ಕುರಿತು ಬರೆಯುವವರನ್ನೂ ಅಷ್ಟು ಕಾಲ ಅದೇ ಕೆಲಸದಲ್ಲಿ ಇರಗೊಡಿರಿ.