ಕುಂಚ ಹೊಗಳಿದ್ದು ಸಾಕು, ದುಭಾಷಿಯನ್ನು ಕರೆಸಿ

ಕಿವಿ ಕೇಳದ ಕಲಾವಿದರ ಪ್ರದರ್ಶನವೆಂದರೆ ಉದ್ಘಾಟಕರ ಬಾಯಲ್ಲಿ ಒಂದು ಮಾತು ಸಿದ್ಧವಾಗಿರುತ್ತದೆ: ಚಿತ್ರಕ್ಕೆ ಭಾಷೆಯ ಹಂಗಿಲ್ಲ, ಇವರ ಕುಂಚವೇ ಮಾತಾಡುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ. ಭಾಷಣದಲ್ಲಿ ಯಾರು ಏನು ಹೇಳಿದರೆಂಬುದು ಮಾತ್ರ ಸನ್ಮಾನಿತರಿಗೆ ಗೊತ್ತಾಗುವುದಿಲ್ಲ. ದುಭಾಷಿಯನ್ನು ಕರೆಸಬೇಕೆಂದು ಸಂಘಟಕರಿಗೆ ಹೊಳೆದಿದ್ದರೆ ತಾನೇ! ಹೊಗಳಿಕೆಯ ವೇಷ ತೊಟ್ಟ ಆ ಮಾತು ಅಸಲಿಗೆ ಒಂದು ನುಣುಚಿಕೆ. ಕುಂಚವೇ ಮಾತಾಡುವುದಾದರೆ, ಕುಂಚ ಹಿಡಿದವರೊಡನೆ ಉಳಿದವರು ಮಾತಾಡುವ ಕಷ್ಟ ತಪ್ಪಿತು.

ಈ ನುಣುಚಿಕೆಯನ್ನು ಕ್ರಿಸ್ಟೀನ್ ಸನ್ ಕಿಮ್ ಅವರಷ್ಟು ಚೆನ್ನಾಗಿ ಬಯಲಿಗೆಳೆದವರು ಕಡಿಮೆ. 1980ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಬರ್ಲಿನ್‌ನಲ್ಲಿ ನೆಲೆಸಿರುವ ಈ ಕಿವುಡ ಕಲಾವಿದೆಯ ಚಿತ್ರಗಳಲ್ಲಿ ಬಣ್ಣಕ್ಕಿಂತ ಬರಹವೇ ಎದ್ದು ಕಾಣುತ್ತದೆ. 2018ರ ಒಂದು ಮಾಲೆಗೆ ಅವರು ಶಾಲೆಯ ರೇಖಾಗಣಿತವನ್ನೇ ಎತ್ತಿಕೊಂಡರು. ಬಿಳಿ ಕಾಗದದ ಮೇಲೆ ಇದ್ದಿಲಿನಲ್ಲಿ ಎಳೆದ ಕೋನಗಳು: ಲಘುಕೋನ, ಲಂಬಕೋನ, ವಿಶಾಲಕೋನ, ಕಡೆಗೆ ಪೂರ್ತಿ ಒಂದು ಸುತ್ತು. ಕೇಳುವವರ ನಡುವೆ ಕಿವುಡರಾಗಿ ಬದುಕುವಾಗ ಏರುವ ಸಿಟ್ಟಿಗೆ ಒಂದೊಂದು ಅಳತೆ, ಪಕ್ಕದಲ್ಲಿ ಕೈಬರಹದಲ್ಲಿ ಅದರ ಕಾರಣ. ಕಲಾಲೋಕದ ಮೇಲಿನ ಸಿಟ್ಟಿನ ಹಾಳೆಯಲ್ಲಿ, ದುಭಾಷಿಯ ಖರ್ಚನ್ನು ಕಲಾವಿದೆಯ ಸಂಭಾವನೆಯಲ್ಲೇ ಮುರಿದುಕೊಳ್ಳುವುದು ನ್ಯಾಯವೆಂದು ತಿಳಿದ ಕ್ಯುರೇಟರುಗಳಿಗೂ ಒಂದು ಕೋನ ಮೀಸಲಾಗಿದೆ. 2019ರ ವಿಟ್ನಿ ದ್ವೈವಾರ್ಷಿಕ ಪ್ರದರ್ಶನದಲ್ಲಿ ಇವು ಗೋಡೆ ಏರಿದವು. ಭಾಷೆಯ ಹಂಗಿಲ್ಲದ ಚಿತ್ರಗಳಲ್ಲ ಇವು. ತನ್ನ ಭಾಷೆಗೆ ಜಾಗ ಕೊಡದವರ ಮೇಲೆ ಹಾಕಿದ ದಾವೆ.

ಮರುವರ್ಷ ದಾವೆಗೆ ಸಾಕ್ಷಿಯೂ ಸಿಕ್ಕಿತು. 2020ರ ಫೆಬ್ರುವರಿ 2ರಂದು ಮಯಾಮಿಯಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್ ಪಂದ್ಯಕ್ಕೆ ಮುನ್ನ ರಾಷ್ಟ್ರಗೀತೆಯನ್ನು ಸಂಜ್ಞಾ ಭಾಷೆಯಲ್ಲಿ ನಿರೂಪಿಸಲು ಕಿಮ್ ಅವರನ್ನು ಆಹ್ವಾನಿಸಲಾಗಿತ್ತು. ಮೈದಾನದಲ್ಲಿ ಅವರು ಪೂರ್ತಿ ನಿರೂಪಿಸಿದರು. ಟಿವಿ ಕೆಲವೇ ಸೆಕೆಂಡು ತೋರಿಸಿ ಮುಖ ತಿರುಗಿಸಿತು. ಅವರ ನಿರೂಪಣೆಗೆಂದೇ ಮೀಸಲಿಟ್ಟಿದ್ದ ಆನ್‌ಲೈನ್ ಪ್ರಸಾರದಲ್ಲೂ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಕ್ಯಾಮೆರಾ ಆಟಗಾರರ ಮುಖಗಳತ್ತ ಹೊರಳಿತು. ಸಂಜ್ಞಾ ಭಾಷೆಯಲ್ಲಿ ಕೈ ಮರೆಯಾದರೆ ಮಾತು ನಿಂತಂತೆ. ಕಿಮ್ ಸುಮ್ಮನಿರಲಿಲ್ಲ, ಬೆನ್ನಲ್ಲೇ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಲೇಖನ ಬರೆದು ಜಗಳ ತೆಗೆದರು. ಕರೆದದ್ದೇ ದೊಡ್ಡದು ಎಂದು ಕೈಮುಗಿದು ಬರಬೇಕಿತ್ತೇ?

ಅಮೆರಿಕದ ಈ ತಕರಾರು ಬೀದರ್ ಜಿಲ್ಲೆಗೇಕೆ ಎನ್ನುವವರು ಬಸವಕಲ್ಯಾಣದತ್ತ ನೋಡಬೇಕು. ಅಲ್ಲಿನ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಶಂಕುಸ್ಥಾಪನೆ ಮಾಡಿದರು. ಅಂದಿನ ಅಂದಾಜು ವೆಚ್ಚ 500 ಕೋಟಿ ರೂಪಾಯಿ. 7.5 ಎಕರೆ ಜಾಗ, ಆರು ಅಂತಸ್ತು, 770 ಕಂಬ, 770 ಜನ ಕೂರುವ ಸಭಾಂಗಣ, ಬಯಲು ರಂಗಮಂದಿರ, ಗ್ರಂಥಾಲಯ. ಆಗ ಪ್ರಕಟವಾದ ವಿವರಗಳಲ್ಲಿ ರೋಬೋಟ್ ವ್ಯವಸ್ಥೆಯೂ ಇತ್ತು. 2024ರ ಜನವರಿಯಲ್ಲಿ ಇನ್ನೊಂದು ಸರ್ಕಾರ ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಅಂಬಿಗ, ಮಡಿವಾಳ, ಮಾದಾರ, ಅಕ್ಕಿ ಆಯುವ ಹೆಂಗಸು, ಎಲ್ಲರಿಗೂ ಬಾಯಿ ಕೊಟ್ಟ ಜಾಗವೆಂದು ಮಂಟಪವನ್ನು ಎರಡೂ ಪಕ್ಷದವರು ಕೊಂಡಾಡುತ್ತಾರೆ. ಸಂತೋಷ. 770 ಆಸನಗಳ ಆ ಸಭಾಂಗಣದಲ್ಲಿ ದುಭಾಷಿ ಎಲ್ಲಿ ನಿಲ್ಲುತ್ತಾರೆ? ಅವರ ಕೈಗೆ ಬೆಳಕು ಎಲ್ಲಿಂದ ಬೀಳುತ್ತದೆ? ಗೋಷ್ಠಿಯ ಮಾತು ಅಕ್ಷರವಾಗಿ ಮೂಡುವ ಪರದೆ ಯಾವ ಗೋಡೆಯಲ್ಲಿ? ಇವು ಕಟ್ಟಡ ಮುಗಿದ ಮೇಲೆ ಕೇಳುವ ಪ್ರಶ್ನೆಗಳಲ್ಲ.

ಶಿಲ್ಪ, ಚಿತ್ರಗಳನ್ನು ಕಣ್ಣಾರೆ ನೋಡಬಹುದಲ್ಲ, ಕಿವುಡರಿಗೆ ಅಷ್ಟು ಸಾಲದೇ ಎಂಬ ಉತ್ತರ ಬರಬಹುದು. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗೆ ಅಷ್ಟು ಸಾಲಲಿಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗವಿಯ ದೇವಾಲಯದ ಹೊರಗೋಡೆಯಲ್ಲಿ ಒಬ್ಬ ಮದನಿಕೆ ಫಲಕದ ಮೇಲೆ ಬರೆಯುತ್ತ ನಿಂತಿದ್ದಾಳೆ. ಬರೆಯುವ ಭಂಗಿಯನ್ನಷ್ಟೇ ಕಡೆದು ಶಿಲ್ಪಿ ಕೈತೊಳೆದುಕೊಂಡಿಲ್ಲ. ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತದ ಸಾಲನ್ನು ಫಲಕದಲ್ಲಿ ಅಕ್ಷರ ಅಕ್ಷರವಾಗಿ ಕೆತ್ತಿದ್ದಾನೆ. ಆ ಸಾಲಿಲ್ಲದಿದ್ದರೆ ಆಕೆ ಯಾರನ್ನು ಕುರಿತು ಬರೆಯುತ್ತಿದ್ದಾಳೆಂದು ಇಂದಿಗೂ ಊಹೆ ಮಾಡುತ್ತ ಕೂರಬೇಕಿತ್ತು. ನೋಡುವವರಿಗೆಲ್ಲ ವಿಷಯ ತಲುಪಲೆಂಬ ಆಸೆ ಇದ್ದವನಿಗೆ ಚಿತ್ರದ ಜೊತೆ ಭಾಷೆಯೂ ಬೇಕಾಗುತ್ತದೆ.

ಎರಡನೆಯ ಉತ್ತರ ಸಂಖ್ಯೆಯದು: ಅಂಥವರು ಎಷ್ಟು ಜನ ಇದ್ದಾರು? 2011ರ ಜನಗಣತಿಯ ಪ್ರಕಾರ ಶ್ರವಣದೋಷ ಇರುವವರು ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು. ಸಭೆಗಳಲ್ಲಿ ಅವರು ಕಾಣುವುದಿಲ್ಲ ನಿಜ. ಒಂದಕ್ಷರವೂ ತಲುಪದ ಸಭೆಗೆ ಬಂದು ಅವರು ಮಾಡುವುದಾದರೂ ಏನು?

ಮೂರನೆಯ ಉತ್ತರ ಹೆಚ್ಚು ಗೌರವಸ್ಥ ದನಿಯದು. ಈಗ ಕಾಕ್ಲಿಯರ್ ಇಂಪ್ಲಾಂಟ್ ಬಂದಿದೆ, ಸರ್ಕಾರದ ನೆರವೂ ಇದೆ, ಮಕ್ಕಳಿಗೆ ಮಾತು ಕಲಿಸಿದರಾಯಿತು, ಸನ್ನೆಯ ಗೊಡವೆ ಏಕೆ ಎನ್ನುತ್ತಾರೆ. ಇಂಪ್ಲಾಂಟ್‌ನಿಂದ ಎಷ್ಟೋ ಮಕ್ಕಳಿಗೆ ಉಪಯೋಗವಾಗಿದೆ, ಆ ಬಗ್ಗೆ ತಕರಾರಿಲ್ಲ. ಆದರೆ ಕಲಾವಿದ ಸತೀಶ್ ಗುಜ್ರಾಲ್ ಅವರ ಬದುಕನ್ನು ನೋಡಿ. ಎಂಟನೆಯ ವಯಸ್ಸಿನಲ್ಲಿ ಅವರಿಗೆ ಕಿವಿ ಕೇಳದಾಯಿತು. ವಿಭಜನೆಯ ನೋವಿನ ಚಿತ್ರಗಳನ್ನು ಬರೆದದ್ದು, 1952ರಲ್ಲಿ ಮೆಕ್ಸಿಕೋಗೆ ಹೋಗಿ ಭಿತ್ತಿಚಿತ್ರ ಕಲಿತದ್ದು, ದೆಹಲಿಯ ಬೆಲ್ಜಿಯಂ ರಾಯಭಾರ ಕಚೇರಿಯನ್ನು ವಿನ್ಯಾಸ ಮಾಡಿದ್ದು, ಎಲ್ಲವೂ ಕಿವಿ ಕೇಳದ ವರ್ಷಗಳಲ್ಲಿ. ಇಂಪ್ಲಾಂಟ್ ಬಂದದ್ದು 1998ರಲ್ಲಿ, ಆರು ದಶಕಗಳ ಮೇಲೆ. ಕಿವಿ ಸರಿಹೋಗಲಿ ಎಂದು ಕಾಯುತ್ತ ಕೂತಿದ್ದರೆ ಭಾರತೀಯ ಕಲೆಗೆ ಒಬ್ಬ ಗುಜ್ರಾಲ್ ಸಿಗುತ್ತಿರಲಿಲ್ಲ. ಅವರಿಗೆ ಅನುಕೂಲಸ್ಥ ಮನೆತನದ ಬೆಂಬಲವಿತ್ತು, ಮುಂದೆ ತಮ್ಮ ಮಾತನ್ನು ಜಗತ್ತಿಗೆ ದಾಟಿಸಿದ ಪತ್ನಿ ಕಿರಣ್ ಇದ್ದರು. ಹುಮನಾಬಾದಿನ ಕೂಲಿಕಾರರ ಮನೆಯ ಕಿವುಡ ಹುಡುಗಿಗೆ ಅದನ್ನು ಒದಗಿಸಬೇಕಾದದ್ದು ಸರ್ಕಾರ.

ಕಾನೂನೂ ಇದನ್ನೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಅಂಗವಿಕಲ ಕಲಾವಿದರಿಗೆ, ಬರಹಗಾರರಿಗೆ ಸೌಲಭ್ಯ ಮತ್ತು ಪ್ರಾಯೋಜಕತ್ವ ಕೊಡಬೇಕು, ಕಲೆಯನ್ನು ಅವರಿಗೆ ಎಟುಕುವಂತೆ ಮಾಡಬೇಕು ಎನ್ನುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯವಾಗಬೇಕು ಎಂದಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ದುಭಾಷಿಯ ಮೂಲಕ ಮಂಡಿಸಿದ ವಾದವನ್ನು ಕರ್ನಾಟಕ ಹೈಕೋರ್ಟ್ ಆಲಿಸಿತ್ತು. ಹೈಕೋರ್ಟಿನ ಕಲಾಪಕ್ಕೆ ಬರಬಲ್ಲ ದುಭಾಷಿ ಬಸವ ಉತ್ಸವದ ವೇದಿಕೆಗೆ ಬರಲಾರರೇ?

ಅಷ್ಟಕ್ಕೂ ಇದು ಇನ್ನೊಂದು ಭಾಷೆಗೆ ಹೆದರುವ ಸೀಮೆಯಲ್ಲ. ಹುಮನಾಬಾದಿನ ಅಂಗಡಿಗಳಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಶಿ ದಖನಿಗೆ ಹೊರಳಿ ಮರಾಠಿಯಲ್ಲಿ ಮುಗಿಯುತ್ತದೆ. ತೆಲುಗು, ಲಂಬಾಣಿಯೂ ನಡುವೆ ಬಂದುಹೋಗುತ್ತವೆ. ಗಿರಾಕಿಗೆ ಬರುವ ಭಾಷೆಗೆ ಅಂಗಡಿಯವರು ಇಳಿಯುತ್ತಾರೆ, ಅದನ್ನು ಯಾರೂ ಉಪಕಾರ ಎನ್ನುವುದಿಲ್ಲ. ಕಿವುಡರ ವಿಷಯಕ್ಕೆ ಬಂದಾಗ ಮಾತ್ರ ಅದೇ ಕೆಲಸ ದಾನಧರ್ಮವಾಗುತ್ತದೆ, ಫೋಟೊಗೆ ವಸ್ತುವಾಗುತ್ತದೆ. ಬಸ್ಸಿಗೆ ರಿಯಾಯಿತಿ ಪಾಸು ಕೊಟ್ಟು, ಬಸ್ಸು ಬಂದ ಸುದ್ದಿಯನ್ನು ಮೈಕಿನಲ್ಲಷ್ಟೇ ಕೂಗುವುದು ಈ ಧರ್ಮದ ಒಂದು ಮಾದರಿ.

ಮಂಟಪಕ್ಕೆ ಸಂಬಂಧಿಸಿ ಸರ್ಕಾರ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಒಳಗಿನ ಚಿತ್ರ, ಶಿಲ್ಪಗಳಿಗೆ ಕಲಾವಿದರನ್ನು ಆರಿಸುವಾಗ ಕಿವುಡ ಕಲಾವಿದರನ್ನೂ ಕರೆಯಬೇಕು. ಕರೆದ ಮೇಲೆ ದುಭಾಷಿಯ ಖರ್ಚನ್ನು ಯೋಜನೆಯೇ ಭರಿಸಬೇಕು. ಶರಣರ ಚರಿತ್ರೆಯನ್ನು ಭಾರತೀಯ ಸಂಜ್ಞಾ ಭಾಷೆಯಲ್ಲಿ ವಿವರಿಸುವ ಕಿವುಡ ಮಾರ್ಗದರ್ಶಕರನ್ನು ನೇಮಿಸಬೇಕು. ಪ್ರತಿ ವಿಡಿಯೊಗೂ ಕನ್ನಡದ ಅಡಿಬರಹ ಬೇಕು. ದುಭಾಷಿಗಳು ಸಿಗುವುದಿಲ್ಲ ಎನ್ನುವ ನೆಪಕ್ಕೂ ಇಲ್ಲಿ ಜಾಗವಿಲ್ಲ. ಭಾರತೀಯ ಸಂಜ್ಞಾ ಭಾಷಾ ದುಭಾಷಿಗಳಿಗೆಂದೇ ಡಿಪ್ಲೊಮಾ ಇದೆ. ಶ್ರವಣದೋಷಕ್ಕೆ ಸಂಬಂಧಿಸಿದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಸಿಕಂದರಾಬಾದಿನಲ್ಲಿದೆ; ಹುಮನಾಬಾದಿನ ಮೂಲಕ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿ ಹಿಡಿದರೆ ಕೆಲವು ಗಂಟೆಗಳ ದಾರಿ. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಯುವಕ ಯುವತಿಯರಿಗೆ ವಿದ್ಯಾರ್ಥಿವೇತನ ಕೊಟ್ಟು ಈ ತರಬೇತಿಗೆ ಕಳುಹಿಸಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ರಾಜ್ಯ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾದದ್ದಿದೆ. ಮುಂದಿನ ಕ್ರಿಯಾಯೋಜನೆಯಲ್ಲಿ ದುಭಾಷಿಗಳ ತರಬೇತಿಗೆಂದು ಒಂದು ಬಾಬತ್ತು ಇದೆಯೇ ಇಲ್ಲವೇ ಎಂದು ಬೀದರ್ ಜಿಲ್ಲೆಯ ಶಾಸಕರು ಸದನದಲ್ಲಿ ಕೇಳಲಿ. ಉತ್ತರ ಲಿಖಿತವಾಗಿ ಬರಲಿ.